ಮೂಡಲಗಿಯ ಶೆಡ್ಡಿನಲ್ಲಿ ಕಟ್ಟಿದ ನೀರಿನ ಹಡಗು

ಹೊಳೆಪ್ಪ ನೌಕಾಪಡೆ ಬಿಟ್ಟು ಬಂದು ಇಪ್ಪತ್ತು ವರ್ಷವಾಗಿದ್ದರೂ ಮೂಡಲಗಿಯ ಜನ ಅವನನ್ನು ನೇವಿ ಹೊಳೆಪ್ಪ ಎಂದೇ ಕರೆಯುತ್ತಿದ್ದರು. ಪ್ರಭು ಅವರ ಟ್ರೇಲರ್ ಶೆಡ್ಡಿನಲ್ಲಿ ಅವನೇ ಹಿರೇ ಮೇಸ್ತ್ರಿ. ಕಬ್ಬಿನ ಹಂಗಾಮಿಗೆ ಮೊದಲು ಸುತ್ತಲಿನ ರೈತರು ಟ್ರೇಲರ್ ಕಟ್ಟಿಸಲು, ಹಳೆಯದನ್ನು ರಿಪೇರಿ ಮಾಡಿಸಲು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಅವನು ಲೆಕ್ಕ ಹಾಕಿದನೆಂದರೆ ಮತ್ತೆ ಅಳತೆಪಟ್ಟಿ ಹಿಡಿಯುವ ಗೋಜಿರುತ್ತಿರಲಿಲ್ಲ.

ಅವನು ಕೌಜಲಗಿಯ ಒಕ್ಕಲು ಮನೆತನದವನು. ಹತ್ತೊಂಬತ್ತನೇ ವಯಸ್ಸಿಗೆ ಭರ್ತಿಯಾಗಿ, ಹಡಗಿನ ಕಬ್ಬಿಣ ಕೆಲಸ ಕಲಿತು, ಹದಿನೈದು ವರ್ಷ ಕಡಲ ಮೇಲಿದ್ದ. ತೋಪು ಹೊತ್ತ ಯುದ್ಧನೌಕೆ ಅವನ ಪಾಲಿಗೆ ಬರಲಿಲ್ಲ. ಬಂದದ್ದು ನೀರಿನ ಹಡಗು. ದೊಡ್ಡ ಹಡಗುಗಳು ದಡದಿಂದ ದೂರ ಲಂಗರು ಹಾಕಿ ನಿಂತಾಗ ಅವುಗಳಿಗೆ ಕುಡಿಯುವ ನೀರು ಒಯ್ದು ಕೊಡುವ ಚಿಕ್ಕ ಹಡಗು. ಅದರ ಫೋಟೋ ಯಾರೂ ತೆಗೆಯುವುದಿಲ್ಲ, ಅದಕ್ಕೆ ಯಾರೂ ಸಲಾಮು ಹೊಡೆಯುವುದಿಲ್ಲ. ಆದರೆ ಹೊಳೆಪ್ಪನಿಗೆ ಅದರ ಒಂದೊಂದು ತಗಡೂ ಗೊತ್ತಿತ್ತು. ಬೆಳಗಿನ ಜಾವ ಬಂದರಿನಿಂದ ಹೊರಬಿದ್ದು, ಮೊದಲ ಅಲೆ ಮೂಗಿಗೆ ತಾಗಿ ಹಡಗು ಒಮ್ಮೆ ತಲೆ ಎತ್ತುವ ಆ ಗಳಿಗೆಗಾಗಿ ಅವನು ದಿನವೂ ಕಾಯುತ್ತಿದ್ದ.

ಹದಿನೈದು ವರ್ಷ ಮುಗಿದಾಗ, ಇನ್ನೂ ಐದು ವರ್ಷ ಬರೆದುಕೊಡುತ್ತೀಯಾ ಎಂದು ಕೇಳಿದ್ದರು. ಊರಲ್ಲಿ ಹೆಂಡತಿ ಭರಮವ್ವ ಹನ್ನೊಂದು ವರ್ಷದಿಂದ ಅತ್ತೆ ಮಾವರನ್ನು ನೋಡಿಕೊಂಡು ಒಬ್ಬಳೇ ಸಂಸಾರ ತೂಗಿಸುತ್ತಿದ್ದಳು. ಬರ್ರಿ ಎಂದು ಅವಳು ಕೇಳಿದಾಗ, ಹದಿನೈದಕ್ಕೆ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟಿದ್ದ. ಬಂದ. ಬಂದದ್ದಕ್ಕೆ ಪಶ್ಚಾತ್ತಾಪ ಪಟ್ಟನೆಂದು ಹೇಳಿದರೆ ಸುಳ್ಳಾದೀತು. ಆದರೆ ಮಳೆಗಾಲದಲ್ಲಿ ಗೋಕಾಕಕ್ಕೆ ಹೋದಾಗಲೆಲ್ಲ ಘಟಪ್ರಭೆಯ ಸೇತುವೆಯ ಮೇಲೆ ಮೋಟಾರ್ ಸೈಕಲ್ಲು ತಾನಾಗಿಯೇ ನಿಲ್ಲುತ್ತಿತ್ತು. ಹಿಂದೆ ಕೂತ ಭರಮವ್ವ ಅವನಾಗಿ ಹೊರಡುವವರೆಗೆ ಸೆರಗು ಹೊದ್ದು ಕಾಯುತ್ತಿದ್ದಳು.

ಮಳೆಗಾಲದ ಒಂದು ಮಧ್ಯಾಹ್ನ ಶೆಡ್ಡಿಗೆ ರಾಜೇಶ್ವರಿ ಎಂಬ ಹುಡುಗಿ ಬಂದಳು. ಹುಕ್ಕೇರಿಯವಳು, ಹಡಗಿನ ವಿನ್ಯಾಸ ಓದಿ ಗೋವಾದ ಹಡಗು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಳು. ನೌಕಾಪಡೆಯವರು ಬಂದರಿನ ಕೆಲಸದ ಚಿಕ್ಕ ಹಡಗಿಗೆ ಟೆಂಡರ್ ಕರೆದಿದ್ದರು. ಮೊದಲಿಗೆ ಒಂದೇ ಹಡಗು, ಮಾದರಿಗೆಂದು. ಅದು ಬಿಡಿ ಭಾಗಗಳಲ್ಲಿರಬೇಕು. ಪ್ರತಿ ಭಾಗವೂ ಲಾರಿ ಮೇಲೆ ಕೂರುವಷ್ಟಿದ್ದು, ದಡದಲ್ಲಿ ಒಂದಕ್ಕೊಂದು ಜೋಡಿಸಿದರೆ ಹಡಗಾಗಬೇಕು. ನಡುವಿನ ಪೆಟ್ಟಿಗೆಯನ್ನು ಬೇಕಾದಾಗ ಎತ್ತಿ ಬದಲಾಯಿಸಬೇಕು. ಇವತ್ತು ನೀರಿನ ಟಾಕಿ, ನಾಳೆ ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಬಳಿದು ತೆಗೆಯುವ ಯಂತ್ರ, ನಾಡಿದ್ದು ಮುಳುಗುಗಾರರ ಸಾಮಾನು. ಗೋವಾದ ಕಾರ್ಖಾನೆಗೆ ಕೆಲಸ ಸಿಕ್ಕಿತ್ತು, ಭಾಗಗಳನ್ನು ಕಟ್ಟಿಕೊಡುವವರು ಬೇಕಾಗಿತ್ತು. ತನ್ನ ಸೀಮೆಯ ಟ್ರೇಲರ್ ಶೆಡ್ಡುಗಳು ರಾಜೇಶ್ವರಿಗೆ ನೆನಪಾಗಿದ್ದವು.

ಪ್ರಭು ನಕ್ಕರು. "ನಾವು ಕಬ್ಬಿನ ಗಾಡಿ ಮಾಡವ್ರು ತಂಗಿ. ಹಡಗಾ ಎಲ್ಲಿ, ಮೂಡಲಗಿ ಎಲ್ಲಿ."

ಅಷ್ಟರಲ್ಲಿ ಹೊಳೆಪ್ಪ ಆಕೆ ಹಾಸಿದ ನಕಾಶೆಯ ಮೇಲೆ ಬಗ್ಗಿಯಾಗಿತ್ತು. ಬಹಳ ಹೊತ್ತು ನೋಡಿ, ಎರಡು ಭಾಗಗಳನ್ನು ಪಿನ್ನು ಹಾಕಿ ಕೂಡಿಸುವ ಜಾಗದ ಮೇಲೆ ಬೆರಳಿಟ್ಟ.

"ಮೇಡಮ್ಮರ, ಈ ಪಿನ್ನಿನ ತೂತು ಒಂದು ವರ್ಷ ತಾಳೂದಿಲ್ರಿ."

"ಯಾಕ್ರಿ ಕಾಕಾ?"

"ಅಲಿ ಬಂದಾಗ ಎರಡೂ ತುಂಡು ಒಂದಕ್ಕೊಂದು ಜಗ್ಗಾಡ್ತಾವ್ರಿ. ತೂತು ಮೊಟ್ಟಿ ಆಕಾರ ಆಗ್ತೈತಿ. ಆಮ್ಯಾಲೆ ಪಿನ್ನು ಗಡಗಡ ಅಂತೈತಿ, ಇಡೀ ತಗಡ ಬದಲಿ ಮಾಡಬೇಕಾಗ್ತೈತಿ."

ಅವನು ಆಕೆಯನ್ನು ಶೆಡ್ಡಿನ ಹಿಂದೆ ಕರೆದೊಯ್ದು ಹಳೆಯ ಟ್ರೇಲರೊಂದರ ಮೂತಿ ತೋರಿಸಿದ. ಟ್ರಾಕ್ಟರಿಗೆ ಸಿಕ್ಕಿಸುವ ಪಿನ್ನಿನ ತೂತಿನೊಳಗೆ ಗಟ್ಟಿ ಉಕ್ಕಿನ ಬಳೆಯೊಂದಿತ್ತು. ಅದಕ್ಕೆ ಬುಶ್ ಎನ್ನುತ್ತಿದ್ದರು. ಹತ್ತು ಹದಿನೈದು ಟನ್ ಕಬ್ಬು ಹೇರಿ ಕೊರಕಲು ದಾರಿಯಲ್ಲಿ ಎಳೆದರೆ ಸವೆಯುವುದು ಆ ಬಳೆ, ಗಾಡಿಗೆ ಏನೂ ಆಗುವುದಿಲ್ಲ. ಹಂಗಾಮು ಮುಗಿದ ಮೇಲೆ ಹಳೆಯ ಬಳೆ ಬಡಿದು ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು.

ರಾಜೇಶ್ವರಿ ಆ ಬುಶ್ಶಿನೊಳಗೆ ಬೆರಳು ತೂರಿಸಿ ಸವೆತ ನೋಡಿದಳು. "ಇದನ್ನ ಹಡಗಿಗೆ ಹಾಕೋದು ನಿಮಗ ಹೆಂಗ ಹೊಳೀತು?"

"ನೀರಿನ ಹಡಗದಾಗ ಇದ್ದೇರಿ ನಾ," ಎಂದ ಹೊಳೆಪ್ಪ.

ಆ ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ಶೆಡ್ಡಿನ ಅರ್ಧ ಜಾಗ ಹಡಗಿಗಾಯಿತು. ಪ್ರತಿ ಬೆಸುಗೆಗೂ ತಪಾಸಣೆ, ಪ್ರತಿ ತಗಡಿಗೂ ಕಾಗದ. ಎರಡು ಸಲ ತಪಾಸಣೆಯವರು ಬೆಸುಗೆ ಒಪ್ಪದೆ ಹೋದರು. ಹೊಳೆಪ್ಪ ಬೇಸರವಿಲ್ಲದೆ ಕೆರೆದು ಮತ್ತೆ ಹಾಕಿದ. ಬುಶ್ಶಿನ ವಿಚಾರ ನೌಕಾಪಡೆಯ ಮೇಲಧಿಕಾರಿಗಳವರೆಗೆ ಹೋಗಿ, ಪ್ರಶ್ನೆಯ ಮೇಲೆ ಪ್ರಶ್ನೆ ಬಂದು, ರಾಜೇಶ್ವರಿ ಲೆಕ್ಕ ಬರೆದು ಬರೆದು ಕಳಿಸಿ, ಕಡೆಗೆ ಅದು ನಕಾಶೆಯೊಳಗೆ ಸೇರಿತು. ಹೊಳೆಪ್ಪ ಈಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಬರುತ್ತಿದ್ದ. ಬಣ್ಣ ಹಚ್ಚದ ಕಬ್ಬಿಣದ ಹೊಟ್ಟೆಗೆ ಅಂಗೈ ಹಚ್ಚಿ ನಿಲ್ಲುತ್ತಿದ್ದುದನ್ನು ಪ್ರಭು ಒಮ್ಮೆ ಕಂಡು, ಕಾಣದವರಂತೆ ಹಿಂದೆ ಸರಿದಿದ್ದರು.

ಕಾರವಾರದ ನೌಕಾನೆಲೆಗೆ ಕಳಿಸುವ ಮೊದಲು ಜೋಡಣೆ ಪರೀಕ್ಷಿಸಬೇಕಿತ್ತು. ಅರಭಾವಿಯ ಆಚೆ ನೀರು ತುಂಬಿದ ಹಳೆಯ ಕಲ್ಲಿನ ಖಣಿಯೊಂದಿತ್ತು. ಕ್ರೇನಿನಿಂದ ಎರಡು ಭಾಗಗಳನ್ನು ಅದರೊಳಗೆ ಇಳಿಸಿ ಪಿನ್ನು ಹಾಕಿ ಕೂಡಿಸಿದರು. ಹೊಲದ ಕೆಲಸ ಬಿಟ್ಟು ಜನ ದಂಡೆಯ ಮೇಲೆ ಸೇರಿದರು. ಖಣಿಯಲ್ಲಿ ಅಲೆ ಎಲ್ಲಿಂದ ಬರಬೇಕು? ಎರಡು ಜೆಸಿಬಿ ತರಿಸಿ, ಅವುಗಳ ಬಕೆಟ್ಟಿನಿಂದ ನೀರನ್ನು ಒತ್ತಿಸಿದರು. ನೀರು ಉಬ್ಬಿ ಬಂದು ಹೊಡೆಯಿತು. ಹಡಗಿನ ಭಾಗದ ಮೇಲೆ ನಿಂತ ರಾಜೇಶ್ವರಿ ಸರಳು ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಹೊಳೆಪ್ಪ ಏನನ್ನೂ ಹಿಡಿದಿರಲಿಲ್ಲ. ಅವನ ಮೊಣಕಾಲುಗಳು ತಾವಾಗಿಯೇ ಸಡಿಲಾಗಿ, ಹಡಗು ವಾಲಿದತ್ತ ಮೈ ಹಗುರಾಗಿ ಹೊರಳುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಮರೆತೇಹೋಗಿದೆ ಎಂದುಕೊಂಡದ್ದು ಕಾಲಿನಲ್ಲಿ ಹಾಗೇ ಉಳಿದಿತ್ತು. ಜೆಸಿಬಿ ನಿಂತು ನೀರು ಶಾಂತವಾದ ಮೇಲೂ ಅವನು ಇಳಿಯಲಿಲ್ಲ. ದಂಡೆಯಲ್ಲಿ ಜನರ ನಡುವೆ ನಿಂತ ಭರಮವ್ವ ಅವನ ಮುಖವನ್ನೇ ನೋಡುತ್ತಿದ್ದಳು.

ಆ ಸಂಜೆ ರೊಟ್ಟಿ ಬಡಿಯುತ್ತ ಅವಳು ಕೇಳಿದಳು. "ಕಾರವಾರಕ್ಕ ನೀವೂ ಹೋಗ್ತೀರಿಲ್ಲ?"

"ಜೋಡ್ಸಾಕ ಹೋಗಬೇಕಾಗ್ತೈತಿ. ಮೂರು ವಾರ."

"ಹೋಗ್ರಿ," ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, "ಅವತ್ತ ನಾ ಬರ್ರಿ ಅಂದದ್ದು ನಿಮಗ ಭಾಳ ತ್ರಾಸ ಆತೇನ್ರಿ?" ಎಂದಳು.

ಹೊಳೆಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಬಂದದ್ದಕ್ಕ ತ್ರಾಸ ಇಲ್ಲ. ನೆನಪು ಬರ್ತೈತಿ ಅಷ್ಟ."

ಲಾರಿಗಳು ಯಲ್ಲಾಪುರದ ಘಟ್ಟ ಇಳಿದವು. ಕಾರವಾರದಲ್ಲಿ ಭಾಗ ಭಾಗ ನೀರಿಗಿಳಿಸಿ, ಎಂಟು ಪಿನ್ನು ಹಾಕಿ, ನಡುವೆ ನೀರಿನ ಟಾಕಿ ಕೂರಿಸಿದಾಗ ಹಡಗೊಂದು ನಿಜವಾಗಿಯೂ ಅಲ್ಲಿ ನಿಂತಿತ್ತು. ಚಿಕ್ಕದು, ಬೂದು ಬಣ್ಣದ್ದು. ಬಂದರಿನ ಒಳಗಿನ ಪರೀಕ್ಷೆಗಳಲ್ಲೆಲ್ಲ ಹೊಳೆಪ್ಪ ಅದರ ಮೇಲೆಯೇ ಇದ್ದ. ಕಡೆಯ ದಿನ ಅಲೆತಡೆಯ ಗೋಡೆ ದಾಟಿ ತೆರೆದ ಕಡಲಿಗೆ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ಅಧಿಕಾರಿಯೊಬ್ಬರು ತಲೆ ಎಣಿಸಿದರು. ಹೊರಗಡಲಿಗೆ ಎಂಟು ಜನರಿಗೆ ಮಾತ್ರ ಅನುಮತಿ. ಒಂಬತ್ತು ಜನರಿದ್ದರು.

ರಾಜೇಶ್ವರಿ ತಕ್ಷಣ ಜೀವರಕ್ಷಕ ಜಾಕೆಟ್ಟಿನ ಪಟ್ಟಿ ಬಿಚ್ಚತೊಡಗಿದಳು. "ಕಾಕಾ, ನೀವು ಹೋಗ್ರಿ. ನಾ ಇಲ್ಲೇ ನಿಂತು ನೋಡ್ತೇನಿ."

ಹೊಳೆಪ್ಪನಿಗೆ ಆಸೆಯಾಗಲಿಲ್ಲವೆಂದಲ್ಲ. ಅವನ ಕೈ ಆ ಜಾಕೆಟ್ಟಿನತ್ತ ಅರ್ಧ ಹೋಗಿತ್ತು. ಅಷ್ಟರಲ್ಲಿ ಆಕೆ ಕೊರಳಿಗೆ ಹಾಕಿಕೊಂಡಿದ್ದ ಪುಟ್ಟ ಪುಸ್ತಕ ಕಂಡಿತು. ಹಡಗು ಎಷ್ಟು ವಾಲಿತು, ಪಿನ್ನು ಎಷ್ಟು ಅಲುಗಿತು ಎಂದು ಬರೆಯಲು ಗೆರೆ ಹಾಕಿ ಇಟ್ಟುಕೊಂಡ ಖಾಲಿ ಹಾಳೆಗಳು. ಆ ಹಾಳೆ ತುಂಬದಿದ್ದರೆ ಮುಂದಿನ ಹಡಗು ಇಲ್ಲ.

"ನೀ ಹೋಗಬೇ ತಂಗಿ. ನಾ ಹೋದ್ರ ಬರೇ ನೋಡ್ಕೋತ ನಿಲ್ತೇನಿ," ಎಂದು ದಡಕ್ಕೆ ಕಾಲಿಟ್ಟ.

ಹಡಗು ಅಲೆತಡೆಯ ತುದಿ ದಾಟಿತು. ಮೊದಲ ಅಲೆಗೆ ಅದರ ಮೂಗು ಏಳುವುದು ದಡಕ್ಕೂ ಕಂಡಿತು. ಹೊಳೆಪ್ಪ ತನಗರಿವಿಲ್ಲದೆ ಮೊಣಕಾಲು ಸಡಿಲಿಸಿ ನಿಂತಿದ್ದ. ಕೆಳಗೆ ಕಾಂಕ್ರೀಟು ಅಲುಗಲಿಲ್ಲ. ಮೂರು ತಾಸು ಬಿಸಿಲಲ್ಲಿ ಹಾಗೇ ಕಾದ. ಮರಳಿ ಬಂದ ರಾಜೇಶ್ವರಿ ಪುಸ್ತಕ ತೆರೆದು ತೋರಿಸಿದಳು. ಪಿನ್ನುಗಳು ಕೂದಲೆಳೆಯಷ್ಟೂ ಸಡಿಲಾಗಿರಲಿಲ್ಲ.

ಹಡಗು ಪಾಸಾಯಿತು. ನಾಲ್ಕು ತಿಂಗಳಿಗೆ ಇನ್ನೂ ನಾಲ್ಕು ಹಡಗಿನ ಟೆಂಡರ್ ಬಂತು. ಆದರೆ ಬೇರೊಂದು ಕಡೆಯ ಕಾರ್ಖಾನೆ ಕಡಿಮೆ ದರ ಹೇಳಿತ್ತು, ಕೆಲಸ ಅವರ ಪಾಲಾಯಿತು. ನಕಾಶೆ ಮಾತ್ರ ಇದೇ, ಬುಶ್ಶು ಸಮೇತ. ರಾಜೇಶ್ವರಿ ಫೋನ್ ಮಾಡಿ ಹೇಳಿದಳು. ಹೊಳೆಪ್ಪನೇ ಅವಳಿಗೆ ಸಮಾಧಾನ ಹೇಳಿದ. ಶೆಡ್ಡಿನ ಖಾಲಿ ಅರ್ಧದಲ್ಲಿ ಮತ್ತೆ ಟ್ರೇಲರ್ ತುಂಬಿದವು. ಅವನ ನಡಿಗೆ ಸ್ವಲ್ಪ ನಿಧಾನವಾದುದನ್ನು ಭರಮವ್ವ ಗಮನಿಸಿದಳು.

ಕಬ್ಬಿನ ಹಂಗಾಮು ಜೋರಾಗಿದ್ದ ಒಂದು ಮಧ್ಯಾಹ್ನ, ಭರಮವ್ವ ಶೆಡ್ಡಿಗೆ ತಂದ ಬುತ್ತಿ ಬಿಚ್ಚುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆ ಕಡೆ ಕಾರವಾರದ ಅದೇ ಹಡಗಿನ ಎಳೆಯ ದನಿಯ ನಾವಿಕ, ಹಿಂದಿಯಲ್ಲಿ ಮಾತಾಡಿದ. ರಾಜೇಶ್ವರಿ ಮೇಡಮ್ ಈ ನಂಬರು ಕೊಟ್ಟರೆಂದ. ಟಾಕಿ ಬದಲಿಸಬೇಕಾಗಿದೆ, ಮೂರನೇ ಪಿನ್ನು ಏನು ಮಾಡಿದರೂ ಬರುತ್ತಿಲ್ಲ, ಸುತ್ತಿಗೆಯಿಂದ ಬಡಿಯಲೇ ಎಂದು ಕೇಳಿದ.

ಬಡಿಯಬೇಡ ಎಂದ ಹೊಳೆಪ್ಪ. ಯಾವ ಕಡೆಯ ಭಾಗದೊಳಗೆ ನೀರು ಹೆಚ್ಚು ತುಂಬಿದೆ ಎಂದು ವಿಚಾರಿಸಿದ. ಎಡಗಡೆ ಎಂದ ಹುಡುಗ. ಆ ಕಡೆಯ ನೀರು ಸ್ವಲ್ಪ ಹೊರಗೆ ಹಾಕು, ಎರಡೂ ಭಾಗ ಸಮವಾಗಿ ಕೂತರೆ ಪಿನ್ನು ಸಡಿಲಾಗುತ್ತದೆ, ಆಮೇಲೆ ಕೈಯಿಂದಲೇ ಎಳೆ ಎಂದು ಹೇಳಿಕೊಟ್ಟ. ಹುಡುಗ ಫೋನನ್ನು ಡೆಕ್ಕಿನ ಮೇಲಿಟ್ಟು ಹೋದ. ಪಂಪಿನ ಶಬ್ದ ಕೇಳಿಸಿ, ನಿಂತಿತು. ಮತ್ತೆ ಕಬ್ಬಿಣ ಸರಿದ ಸಣ್ಣ ಸದ್ದು. ಯಾರೋ ದೂರದಲ್ಲಿ ನಕ್ಕರು. ಫೋನು ಇಟ್ಟಲ್ಲೇ ಉಳಿದಿತ್ತು.

ಹೊಳೆಪ್ಪ ಕರೆ ಕತ್ತರಿಸಲಿಲ್ಲ. ಸ್ಪೀಕರ್ ಒತ್ತಿ, ಫೋನನ್ನು ತನ್ನ ಮತ್ತು ಭರಮವ್ವನ ನಡುವೆ ಇಟ್ಟ.

"ಏನ್ರಿ ಅದು, ಟಪ್ ಟಪ್ ಅನ್ನಾಕತ್ತೈತಿ?"

"ನೀರು. ಹಡಗದ ಹೊಟ್ಟಿಗೆ ಬಡಿಯಾಕತ್ತೈತಿ."

ಭರಮವ್ವ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, ತಲೆ ಬಗ್ಗಿಸಿ ಕೇಳಿದಳು. ಆಚೆ ಟ್ರಾಕ್ಟರೊಂದು ಬಂದು ಹಾರ್ನ್ ಹೊಡೆಯಿತು, ಇಬ್ಬರೂ ಏಳಲಿಲ್ಲ.

"ಹನ್ನೊಂದು ವರ್ಷ ಪತ್ರ ಬರದ್ರಿ," ಎಂದಳು ಅವಳು ಕಡೆಗೆ. "ಊಟ ಬರದ್ರಿ, ಬಿಸಲು ಬರದ್ರಿ, ಪಗಾರ ಬರದ್ರಿ. ಇದೊಂದು ಬರೀಲಿಲ್ಲ ನೋಡ್ರಿ."

"ಇದು ಬರ್ಯಾಕ ಬರ್ತಿದ್ದಿಲ್ಲ," ಎಂದ ಹೊಳೆಪ್ಪ.

ಆ ಕಡೆ ಯಾರೋ ಫೋನು ಎತ್ತಿಕೊಂಡರು. ಹುಡುಗ ಹೊಳೆಪ್ಪನಿಗೆ ಧನ್ಯವಾದ ಹೇಳಿ ಇಟ್ಟುಬಿಟ್ಟ. ಭರಮವ್ವ ಅರ್ಧ ಮುರಿದಿದ್ದ ರೊಟ್ಟಿಯ ಮೇಲೆ ಪಲ್ಯ ಹಾಕಿ ಗಂಡನ ಕೈಗೆ ಕೊಟ್ಟು, ಆ ನಂಬರು ಅಳಿಸಬೇಡಿ ಎಂದಳು.