ಎಲ್ಲರಿಗೂ ಒಂದೇ ಪಾಟಿ

ಮಹಾದೇವಿ, ನೀನು ಕಂಪ್ಯೂಟರಿನಲ್ಲಿ ತಪ್ಪು ಟೈಪು ಹೊಡೆದಿರಲಿಲ್ಲ. ತಪ್ಪು ಇದ್ದದ್ದು ನಾನು ಬರೆದ ಪ್ರೋಗ್ರಾಮಿನಲ್ಲಿ. ಅದು ನನಗೆ ಅವತ್ತೇ ಸಂಜೆ ಗೊತ್ತಾಗಿತ್ತು — ಗೊತ್ತಾಗಿಯೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನೀನು ರಿಪೋರ್ಟು ಹೊಡೆಯುತ್ತಿದ್ದ ಸಿಂದಗಿಯ ಆ ರಕ್ತ ತಪಾಸಣೆಯ ಲ್ಯಾಬಿಗೆ ಸಾಫ್ಟ್‌ವೇರ್ ಬರೆದುಕೊಟ್ಟಾಗ ನಾನು ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ವರ್ಷವೂ ತುಂಬಿರಲಿಲ್ಲ. ಕೊಬ್ಬು ಮಾತ್ರ ತುಂಬಿತ್ತು. ಈಗ ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ಕಲಿಯುವ ಹುಡುಗರಿಗೆ ಮೊದಲ ಪಾಠದಲ್ಲೇ ಹೇಳುತ್ತೇನೆ: ಕ್ಲಾಸ್ ಅಂದರೆ ಅಚ್ಚು, ಆಬ್ಜೆಕ್ಟ್ ಅಂದರೆ ಆ ಅಚ್ಚಿನಿಂದ ತೆಗೆದ ಒಂದೊಂದು ಪಾಟಿ, ಬರೆಯುವ ಸ್ಲೇಟು. ಪ್ರತಿ ರೋಗಿಗೂ ಅವರದೇ ಪಾಟಿ. ಅದರ ಮೇಲೆ ಅವರದೇ ಹೆಸರು, ಅವರದೇ ರಕ್ತದ ಗುಂಪು. ನಾನೋ — ಪ್ರೋಗ್ರಾಮಿನಲ್ಲಿ ರಕ್ತದ ಗುಂಪಿಗೆ ಸ್ಟ್ಯಾಟಿಕ್ ಎಂಬ ಪದ ಸೇರಿಸಿ ಬರೆದುಬಿಟ್ಟಿದ್ದೆ. ಹಾಗೆ ಬರೆದೊಡನೆ ಕಂಪ್ಯೂಟರಿನ ತಕರಾರು ನಿಂತಿತು, ಅದಕ್ಕೆ ಬರೆದೆ! ಅದರ ಅರ್ಥ, ಗುಂಪು ಬರೆಯಲು ಎಲ್ಲರಿಗೂ ಸೇರಿ ಒಂದೇ ಪಾಟಿ. ಕೊನೆಗೆ ಹೊಡೆದ ಗುಂಪೇ ಎಲ್ಲರದೂ ಆಗುತ್ತದೆ.

ನನ್ನ ಹೆಸರೊಂದನ್ನೇ ಹೊಡೆದು ನೋಡಿ, ಸರಿ ಇದೆ ಎಂದಿದ್ದೆ. ಸಂತೆಯ ದಿನ ಹಳ್ಳಿಯವರೆಲ್ಲ ಒಮ್ಮೆಲೇ ಬರುತ್ತಾರೆಂದು ನೀನು ಎರಡು ವಿಂಡೋ ತೆರೆದಿಟ್ಟು ಇಬ್ಬರು ರೋಗಿಗಳ ವಿವರ ಒಟ್ಟಿಗೇ ತುಂಬುತ್ತಿದ್ದೆ. ಅದನ್ನು ನಾನು ಕೇಳಿರಲೂ ಇಲ್ಲ, ನೋಡಿರಲೂ ಇಲ್ಲ.

ದೇವಣಗಾಂವದ ಬಸುರಿಯೊಬ್ಬಳ ರಿಪೋರ್ಟಿನಲ್ಲಿ ಇನ್ನೊಬ್ಬರ ಗುಂಪು ಬಂತು. ಆಸ್ಪತ್ರೆಯವರು ಮತ್ತೊಮ್ಮೆ ತಪಾಸಣೆ ಮಾಡಿದ್ದರಿಂದ ಅನಾಹುತ ತಪ್ಪಿತು. ಅವಳ ಗಂಡ ಬಂದು ಕೌಂಟರ್ ಗುದ್ದಿದ. ಲ್ಯಾಬಿನ ಮಾಲಕರು ನನ್ನನ್ನು ಕರೆಸಿದರು. ಸುತ್ತ ಜನವೋ ಜನ.

"ನಾ ಬರೋಬರಿ ಹೊಡದೇನ್ರಿ ಸರ್. ನೀವರೆ ಹೇಳ್ರಿ," ಎಂದು ನೀನು ನನ್ನ ಮುಖ ನೋಡಿದೆ.

"ಕಂಪ್ಯೂಟರ್ ತಪ್ಪು ಮಾಡಂಗಿಲ್ಲ, ತಂಗಿ. ಹೊಡದವ್ರ ಮಾಡಿರ್ತಾರ."

ತಂಗಿ ಅಂತೆ! ನೆನೆದರೆ ನನ್ನ ಬಾಯಿಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ನಾಳೆಯಿಂದ ಬರಬೇಡ ಎಂದರು ಮಾಲಕರು. ನೀನು ಚೀಲ ಎತ್ತಿಕೊಂಡು ಹೋದೆ.

ಸಂಜೆ ಮನೆಯಲ್ಲಿ ಎರಡು ವಿಂಡೋ ತೆರೆದು ನೋಡಿದೆ. ತಪ್ಪು ಸಿಕ್ಕಿತು. ತಿದ್ದಿದೆ. ಮರುದಿನ ನಿನ್ನದೇ ಕುರ್ಚಿಯಲ್ಲಿ ಕುಳಿತು, 'ಹೊಸ ಆವೃತ್ತಿ' ಎಂದು ಹಾಕಿಕೊಟ್ಟು, ಮಾಲಕರು ತರಿಸಿದ ಚಹಾ ಕುಡಿದು ಬಂದೆ. ಎಂಥ ಭಂಡ ನಾನು!

ಮೊನ್ನೆ ಇದೇ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು, "ಹಿಂಗಾದ್ರ ತಪ್ಪು ಯಾರದ್ರಿ ಸರ್? ಹೊಡದವ್ರದೋ, ಬರದವ್ರದೋ?"

"ಬರದವ್ರದು," ಎಂದೆ ಥಟ್ಟನೆ. ಅವಳಿಗೆ ಹೇಳಲು ಎಷ್ಟು ಸಲೀಸು — ನಿನಗೆ ಮಾತ್ರ...

ಅಂದೇ ಮಾಲಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಕ್ಕರು. "ಬಿಡ್ರಿ ಸರ್, ಮುಗದ ಮಾತು."

ಯಾರಿಗೆ ಮುಗಿಯಿತು? ಮುದ್ದೇಬಿಹಾಳದ ಲ್ಯಾಬುಗಳಲ್ಲೂ ನಿನಗೆ ಕೆಲಸ ಕೊಡಲಿಲ್ಲ. 'ರಕ್ತ ಅದಲು ಬದಲು ಮಾಡಿದಾಕಿ' ಎಂಬ ಹೆಸರು ನಿನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಅದೂ ನನ್ನ ಕಿವಿಗೆ ಬಿದ್ದಿತ್ತು. ಆಗಲೂ ನಾನು ಸುಮ್ಮನಿದ್ದೆ.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಬರುವ ಸಂತೆಯ ದಿನ, ಜನ ತುಂಬಿರುವ ಹೊತ್ತಿಗೆ, ಅದೇ ಕೌಂಟರಿನ ಮುಂದೆ ನಿಂತು ನಿನ್ನ ಹೆಸರು ಹಿಡಿದು ಹೇಳುತ್ತೇನೆ — ಮಹಾದೇವಿ ಬರೋಬರಿ ಹೊಡೆದಿದ್ದಳು. ಮಾಲಕರು ನಗಲಿ, ಬೈಯಲಿ, ಹೊರಗೆ ದಬ್ಬಲಿ. ಅದರ ಮುಂದಿನ ಸಂತೆಗೂ ಹೋಗಿ ಹೇಳುತ್ತೇನೆ.