ಟೋಪಿಯ ನೆತ್ತಿಯಲ್ಲಿ ಅರಳಿದ ತುರುಬು

ಬೀದಿಗೆಲ್ಲ ಆಕೆ ತುರುಬಿನ ಚಿಕ್ಕಮ್ಮ. ಹೆಂಗಸರ ತಲೆ ಬಾಚಿ ಕಟ್ಟುವುದೇ ಆಕೆಯ ಕಸುಬು. ಎಂಥ ಸಿಕ್ಕು ಕೂದಲಾದರೂ ತುದಿಯಿಂದ ಹಿಡಿದು ಮೇಲಕ್ಕೆ ಬಿಡಿಸುತ್ತ ಬರುತ್ತಿದ್ದಳು. ಕೂತವರಿಗೆ ನೋವೇ ತಿಳಿಯುತ್ತಿರಲಿಲ್ಲ. ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡೇ ಬೀದಿಯ ಸುದ್ದಿಯನ್ನೆಲ್ಲ ಒಪ್ಪಿಸುವ ವಿದ್ಯೆಯೂ ಆಕೆಗೆ ಒಲಿದಿತ್ತು.

ಗಂಡನ ಅಣ್ಣನ ಹೆಂಡತಿ, ಅಂದರೆ ಆಕೆಯ ಓರಗಿತ್ತಿ, ಉಲ್ಲನ್ ಟೋಪಿ ಹೆಣೆದು ಮಾರುತ್ತಿದ್ದಳು. ಎದುರಿಗೆ ಆಕೆ ದೊಡ್ಡಮ್ಮ, ಬೆನ್ನ ಹಿಂದೆ ಟೋಪಿ ದೊಡ್ಡಮ್ಮ. ಎದುರಿಗೇ ಹಾಗೆನ್ನಲು ಯಾರಿಗೂ ಧೈರ್ಯವಿರಲಿಲ್ಲ, ಏಕೆಂದರೆ ಆಕೆಯ ಕೈಯಲ್ಲಿ ಸದಾ ಎರಡು ಚೂಪು ಕಡ್ಡಿಗಳಿರುತ್ತಿದ್ದವು. ಇಬ್ಬರಿಗೂ ಸೇರಿ ಒಂದೇ ಅಂಗಡಿಕೋಣೆ. ಒಂದು ಕಡೆ ಟೋಪಿಗಳ ಕಪಾಟು, ಇನ್ನೊಂದು ಕಡೆ ಕಿಟಕಿಯ ಬೆಳಕಿಗೆ ಚಿಕ್ಕಮ್ಮನ ಕನ್ನಡಿ ಮತ್ತು ಕುರ್ಚಿ. ಬಾಗಿಲ ಬಳಿ ಸ್ಟೂಲಿನ ಮೇಲೆ ಇಬ್ಬರ ಅತ್ತೆ. ಕೋಣೆ ಅತ್ತೆಯದು, ಆದ್ದರಿಂದ ತೀರ್ಪೂ ಅತ್ತೆಯದೇ.

ಆ ಸಲ ಚಳಿ ಮೈ ಕೊರೆಯುವಂತೆ ಬಂತು. ಹೆಂಗಸರೆಲ್ಲ ಕಿವಿ ಮುಚ್ಚುವ ಟೋಪಿ ಎಳೆದುಕೊಂಡರು. ಟೋಪಿಯೊಳಗೆ ತುರುಬು ಕಟ್ಟಿದರೇನು, ಬಿಟ್ಟರೇನು? ಚಿಕ್ಕಮ್ಮನ ಕುರ್ಚಿಯ ಮೇಲೆ ಬೆಕ್ಕು ಮಲಗತೊಡಗಿತು.

"ಅತ್ತೆ, ಬೆಕ್ಕಿಗೆ ಕನ್ನಡಿ ಯಾಕೆ?" ಎಂದು ದೊಡ್ಡಮ್ಮ ಶುರುಮಾಡಿದಳು. "ಟೋಪಿ ಇಡೋಕೆ ನಂಗೆ ಜಾಗ ಸಾಲ್ತಿಲ್ಲ. ಇವಳ ಕುರ್ಚಿ ಹಿಂದಿನ ಜಗಲಿಗೆ ಹೋಗ್ಲಿ."

ಹಿಂದಿನ ಜಗಲಿ ಎಂದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಗಾಳಿ ನೇರ ಬೀಸುತ್ತಿತ್ತು. ಅಲ್ಲಿ ಕೂತು ತಲೆ ಬಿಚ್ಚುವ ಹೆಂಗಸು ಯಾರೂ ಹುಟ್ಟಿರಲಿಲ್ಲ. ಕುರ್ಚಿ ಅಲ್ಲಿಗೆ ಹೋದರೆ ಕಸುಬೇ ಹೋದಂತೆ.

ಅತ್ತೆ ಬೆಕ್ಕನ್ನು ನೋಡಿದಳು, ಸೊಸೆಯಂದಿರನ್ನು ನೋಡಿದಳು. "ಭಾನುವಾರದವರೆಗೆ ನೋಡೋಣ. ಅಷ್ಟರಲ್ಲಿ ಮನುಷ್ಯರು ಕೂರದಿದ್ರೆ ಎತ್ತಿಡಿ" ಎಂದಳು.

ಚಿಕ್ಕಮ್ಮ ಬೆಕ್ಕಿನ ಬೆನ್ನು ಬಾಚುತ್ತ ಕೂತಳು.

ಮರುದಿನ ಮಧ್ಯಾಹ್ನ, ದೊಡ್ಡಮ್ಮ ಊಟಕ್ಕೆ ಹೋಗಿದ್ದಾಗ, ಶಾಲೆಯ ಟೀಚರಮ್ಮ ಬಂದಳು. ಸಂಜೆ ಬಯಲಿನಲ್ಲಿ ಮಕ್ಕಳ ನಾಟಕ. ವೇದಿಕೆಯ ಮೇಲೆ ನಿಂತು ಮಾತಾಡಬೇಕು.

"ಚಿಕ್ಕಮ್ಮ, ಟೋಪಿ ಹಾಕಿದ್ರೆ ಕೋತಿ ಹಾಗೆ ಕಾಣ್ತೀನಿ. ಹಾಕದಿದ್ರೆ ಕಿವಿ ನೋವಿಂದ ಅಳ್ತೀನಿ. ಏನ್ಮಾಡ್ಲಿ?"

"ಎರಡೂ ಬೇಡ. ಆ ಕಪಾಟಿಂದ ಒಂದು ಕೆಂಪು ಟೋಪಿ ತಗೋ. ದುಡ್ಡು ಅಲ್ಲೇ ಡಬ್ಬಿಗೆ ಹಾಕು, ನಮ್ಮಕ್ಕನ ಲೆಕ್ಕ ಅವಳಿಗಿರ್ಲಿ."

ಟೋಪಿ ಹೆಣೆಯುವವರು ಕೆಳಗಿನ ಅಂಚಿನಿಂದ ಶುರುಮಾಡಿ ನೆತ್ತಿಯಲ್ಲಿ ದಾರ ಎಳೆದು ಗಂಟು ಹಾಕಿ ಮುಗಿಸುತ್ತಾರೆ. ಚಿಕ್ಕಮ್ಮ ಬಾಚಣಿಗೆಯ ಚೂಪು ಬಾಲದಿಂದ ಆ ಗಂಟನ್ನು ಬಿಡಿಸಿದಳು. ಕೆಲವು ಸುತ್ತು ಹೆಣಿಗೆ ಬಿಚ್ಚಿ, ಬಾಯಿ ತೆರೆದು ನಿಂತ ಕುಣಿಕೆಗಳಿಗೆಲ್ಲ ಕಪ್ಪು ಮಖಮಲ್ಲಿನ ರಿಬ್ಬನ್ ಪೋಣಿಸಿದಳು. ಟೋಪಿಯನ್ನು ಟೀಚರಮ್ಮನ ತಲೆಗೆ ಹಾಕಿ, ಕೂದಲನ್ನು ಆ ಬಾಯಿಂದ ಹೊರಗೆಳೆದು, ಹೊರಳಿಸಿ ಸುತ್ತಿ, ಎತ್ತರಕ್ಕೆ ತುರುಬು ಕಟ್ಟಿ, ಬುಡಕ್ಕೆ ರಿಬ್ಬನ್ ಬಿಗಿದು ಹೂವಿನಂತೆ ಗಂಟಿಟ್ಟಳು. ಹಣೆಯ ಮೇಲೆ ಎರಡೇ ಎರಡು ಮುಂಗುರುಳು ಬಿಟ್ಟಳು. ಕಿವಿ ಒಳಗೆ ಬೆಚ್ಚಗೆ, ತುರುಬು ಹೊರಗೆ ಮೆರವಣಿಗೆಗೆ.

ಆ ಸಂಜೆ ನಾಟಕ ನೋಡಿದವರು ಕಡಿಮೆ, ಟೀಚರಮ್ಮನ ತಲೆ ನೋಡಿದವರು ಹೆಚ್ಚು.

ಬೆಳಗಾದರೆ ಹೆಂಗಸರು ಸಾಲಾಗಿ ಬಂದು ಈ ಕಡೆ ಟೋಪಿ ಕೊಂಡು ಆ ಕಡೆ ಕುರ್ಚಿಗೆ ಹೋಗತೊಡಗಿದರು. ದೊಡ್ಡಮ್ಮ ಹಿಗ್ಗಿದಳು. ಟೋಪಿ, ಡಬ್ಬಿ ಬಿಟ್ಟು ಕಣ್ಣೆತ್ತದ ಆಕೆ, ಕುರ್ಚಿಯ ಕಡೆ ಏನಾಗುತ್ತಿದೆಯೆಂದು ತಿರುಗಿಯೂ ನೋಡಲಿಲ್ಲ. ಆದರೆ ಸಂತೆಯಲ್ಲಿ ತರಕಾರಿ ಕೊಳ್ಳುವಾಗ ಮುಂದೆ ನಿಂತ ನರ್ಸಮ್ಮನ ಟೋಪಿಯನ್ನು ಕಂಡು ತಕ್ಕಡಿ ನೋಡುವುದನ್ನೇ ಮರೆತಳು. ನೆತ್ತಿಯಲ್ಲಿ ಹೆಣಿಗೆ ಬಿಚ್ಚಿಹೋಗಿ ತುರುಬೇ ಹೊರಗೆ ಬಿದ್ದಿದೆ! ಪಕ್ಕದವಳದೂ ಹಾಗೆಯೇ.

ತನ್ನ ಗಂಟೇ ಸಡಿಲವಾಯಿತೆಂದು ಆಕೆ ತಿಳಿದಳು. ಮನೆಗೆ ಬಂದು ಉಳಿದ ಟೋಪಿಗಳಿಗೆಲ್ಲ ಗಂಟಿನ ಮೇಲೆ ಗಂಟು ಹಾಕಿದಳು. ಮರುದಿನ ಚಿಕ್ಕಮ್ಮ ಆ ಗಂಟುಗಳ ಜೊತೆ ಗುದ್ದಾಡಬೇಕಾಯಿತು.

"ಅಕ್ಕ, ಈಚೆಗೆ ನಿನ್ನ ಕೈ ಬಹಳ ಬಿಗಿ" ಎಂದಳು, ಮುಖ ಗಂಭೀರ ಮಾಡಿಕೊಂಡು.

"ಬಿಗಿ ಇರ್ಬೇಕು ಕಣೇ! ನನ್ನ ಟೋಪಿ ಬಿಚ್ಚಿಕೊಳ್ತು ಅಂತ ಯಾರೂ ಅನ್ನಬಾರ್ದು."

ಚಿಕ್ಕಮ್ಮನಿಗೆ ನಗು ಒತ್ತರಿಸಿ ಬಂತು. ಕೆಮ್ಮಿನಂತೆ ಮಾಡಿ ಪಿನ್ನುಗಳನ್ನೆಲ್ಲ ಉಗುಳಿದಳು.

ಕೊನೆಗೆ ದೊಡ್ಡಮ್ಮನೇ ತಡೆಯಲಾಗದೆ, ಬೀದಿಯಲ್ಲಿ ಹೋಗುತ್ತಿದ್ದ ನರ್ಸಮ್ಮನ ಹಿಂದೆ ಓಡಿದಳು. "ತಾಯಿ, ಕೊಡಮ್ಮ ಅದನ್ನ, ಹೊಸದು ಕೊಡ್ತೀನಿ, ಯಾರಿಗೂ ಹೇಳ್ಬೇಡ!"

"ಅಯ್ಯೋ, ಮುಚ್ಚಿರೋದು ಕೊಟ್ರೆ ತುರುಬು ಎಲ್ಲಿ ಹೋಗ್ಬೇಕು ದೊಡ್ಡಮ್ಮ? ನಿಮ್ಮ ತಂಗಿ ಇದನ್ನ ಎಷ್ಟು ಚೆಂದ ಬಿಚ್ಚಿದ್ದಾಳೆ!"

ದೊಡ್ಡಮ್ಮ ಉಗಿಬಂಡಿಯಂತೆ ಅಂಗಡಿಗೆ ನುಗ್ಗಿದಳು. "ನನ್ನ ಹೆಣಿಗೆ ಬಿಚ್ಚೋಕೆ ನೀನ್ಯಾರೇ?"

"ಕೊಂಡವರ ಟೋಪಿ ಅಕ್ಕ, ಕೊಂಡವರ ತಲೆ. ನಿನ್ನ ಡಬ್ಬಿ ಕೇಳಿ ನೋಡು, ಅದಕ್ಕೇನಾದ್ರೂ ಬೇಜಾರಿದೆಯಾ ಅಂತ."

"ಟೋಪಿಗೆ ಬಾಯಿ ಇಡೋಕೆ ನಂಗೂ ಬರುತ್ತೆ. ನಿನ್ನ ಹಂಗು ಬೇಡ. ಆಮೇಲೆ ನಿನ್ನ ಕುರ್ಚಿಗೆ ಯಾರು ಬರ್ತಾರೋ ನೋಡ್ತೀನಿ, ಭಾನುವಾರ ಬರ್ಲಿ!"

ಆಕೆ ಹಟ ಹಿಡಿದು ನೆತ್ತಿಯಲ್ಲಿ ಬಾಯಿರುವ ಟೋಪಿಗಳನ್ನೇ ಹೆಣೆದಳು. ಆದರೆ ಟೋಪಿಯ ಅಳತೆಗೆ ಆಕೆಗೆ ಮೊದಲಿಂದಲೂ ಇದ್ದದ್ದು ಒಂದೇ ತಲೆ, ತನ್ನದು. ಆಕೆಯ ಕೂದಲೋ ಇಲಿಯ ಬಾಲ. ತುರುಬು ಕಟ್ಟಿದರೆ ಬೆರಳಲ್ಲಿ ಹಿಡಿಯುವಷ್ಟು. ಬಾಯಿಯೂ ಅಷ್ಟೇ ಆಯಿತು. ಸಡಿಲಿಸಿ ಹಿಗ್ಗಿಸಲು ರಿಬ್ಬನ್ನೂ ಇಲ್ಲ.

ಶನಿವಾರ ಬ್ಯಾಂಕಿನ ಮೇಡಂ ಅಂಥದೊಂದನ್ನು ಕೊಂಡಳು. ತುಂಬು ಕೂದಲಿನವಳು. ಮನೆಯಲ್ಲಿ ಕಟ್ಟಿದ ತುರುಬನ್ನು ಹೇಗೋ ಅದುಮಿ ಅರ್ಧ ತೂರಿಸಿದಳು. ಉಳಿದರ್ಧ ಒಳಗೇ ನಿಂತಿತು. ಪಿನ್ನುಗಳು ಉಲ್ಲನ್ನನ್ನು ಕಚ್ಚಿಕೊಂಡವು. ಹಾಕಲೂ ಆಗದೆ ತೆಗೆಯಲೂ ಆಗದೆ, ಕಣ್ಣಿನವರೆಗೆ ಟೋಪಿ ಇಳಿದು, ಗಂಡನ ಕೈ ಹಿಡಿದುಕೊಂಡು ಅಂಗಡಿಗೆ ಬಂದಳು.

ದೊಡ್ಡಮ್ಮ ಕತ್ತರಿ ತಂದಳು.

"ಕತ್ತರಿ ಇಡಕ್ಕ" ಎಂದು ಚಿಕ್ಕಮ್ಮ ಆಕೆಯ ಕೈ ಸರಿಸಿದಳು. "ಟೋಪಿ ಮತ್ತೆ ಹೆಣೀತೀಯ. ಕೂದಲು ಹೆಣೀತೀಯಾ?"

ಎಳೆ ಎಳೆಯಾಗಿ ಬಿಡಿಸಿದಳು. ಬೆಳಕು ಮಾಸುವ ಹೊತ್ತಿಗೆ ಮೇಡಂ ತಲೆಯೂ ಉಳಿಯಿತು, ಟೋಪಿಯೂ ಉಳಿಯಿತು. ದೊಡ್ಡಮ್ಮ ಪಕ್ಕದಲ್ಲಿ ನಿಂತು ಪಿನ್ನು ಹಿಡಿದುಕೊಂಡಳು. ಒಮ್ಮೆಯೂ ಮೂಗು ಮುರಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಸ್ಟೂಲಿನಿಂದಲೇ ಕೂಗಿದಳು. "ಎಲ್ಲಿ, ಕುರ್ಚಿ ಎತ್ತೋ ದಿನ ಅಲ್ವೇನೇ ಇವತ್ತು?"

ಚಿಕ್ಕಮ್ಮ ಒಳಗಿನಿಂದ ಓಡಿ ಬಂದು ನೋಡಿದರೆ, ಕುರ್ಚಿಯ ಮೇಲೆ ದೊಡ್ಡಮ್ಮ ಕೂತಿದ್ದಳು. ಇಲಿಬಾಲ ಬಿಚ್ಚಿಕೊಂಡು, ಕನ್ನಡಿಯಲ್ಲಿ ಯಾರನ್ನೂ ನೋಡದೆ.

"ಎತ್ತೋದು ಹೇಗೆ ಅತ್ತೆ, ನಾನು ಕೂತಿದ್ದೀನಲ್ಲ" ಎಂದಳು. ಆಮೇಲೆ ತಂಗಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಏನೇ, ಒಳಗೊಂದು ಉಲ್ಲನ್ ಉಂಡೆ ಇಟ್ಟು ಕಟ್ತೀಯಾ? ಬೀದಿಗೆ ಗೊತ್ತಾಗ್ಬಾರ್ದು."

"ಯಾವ ಬಣ್ಣದ್ದು ಇಡ್ಲಿ ಅಕ್ಕ, ಕರಿದೋ ಬಿಳಿದೋ?"

"ನಿನ್ನ ನಾಲಿಗೆ ಸುಡ! ಕರಿದೇ ಇಡು."