ತಾಂಡೇಲಜ್ಜನ ಗಂಟಲು, ನಾಲ್ಕು ಬಗೆಯ ಕಾಫಿ

ಕಾಫಿ ಕುಡಿಯುವಾಗ ತಾಂಡೇಲಜ್ಜನ ಗಂಟಲಮಣಿ ಮೇಲೇರಿ, ಕ್ಷಣಕಾಲ ಅಲ್ಲೇ ನಿಂತು, ಆಮೇಲೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಉದ್ದನೆಯ ಕತ್ತು, ಸಮುದ್ರದ ಬಿಸಿಲಿಗೆ ಕಪ್ಪಾಗಿ ಗೆರೆಬಿದ್ದ ಚರ್ಮ, ಅದರ ಮೇಲೆ ಬಿಳಿ ಕುರುಚಲು. ಗುಟುಕು ಇಳಿದ ಮೇಲೆ ಅವರು ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆದ ಮೇಲೆ ತೀರ್ಪು.

ತದಡಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಮೀನುಗಾರಿಕೆ ಬೋಟು ನಡೆಸುವವನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಅವರು ಚುಕ್ಕಾಣಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಊರಿಗೆಲ್ಲ ತಾಂಡೇಲರಾಗಿಯೇ ಉಳಿದಿದ್ದರು. ನನಗೆ ತಾಂಡೇಲಜ್ಜ. ಮನೆಯಲ್ಲಿ ಅವರೂ ಮಗಳೂ ಇಬ್ಬರೇ. ಮಗಳು ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ಕುಮಟೆ ಪೇಟೆಗೆ ಒಯ್ದು ಮಾರುತ್ತಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ನಾನು ಕುಮಟೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಫಿಯ ಹುಚ್ಚು ಹಿಡಿಸಿಕೊಂಡೆ. ಅದಕ್ಕೂ ಅಜ್ಜನೇ ಕಾರಣ. ಅವರ ಕಾಫಿ ಬೋಟಿನಲ್ಲಿ ಕಲಿತದ್ದು. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಸುರಿದು, ಮೂರು ಸಲ ಉಕ್ಕು ಬರಿಸಿ, ಇಳಿಸಿ, ಮೇಲಿನಿಂದ ಒಂದು ಬೊಗಸೆ ತಣ್ಣೀರು ಚಿಮುಕಿಸಿ ಮುಚ್ಚಿಡುವುದು. ತಣ್ಣೀರು ಬಿದ್ದೊಡನೆ ಗಸಿ ತಳ ಸೇರುತ್ತದೆ. ಸೋಸುವ ಪದ್ಧತಿಯಿಲ್ಲ, ಹಾಲು ಇಲ್ಲ. ಮನೆಯಲ್ಲಿ ಹಾಲಿದ್ದರೂ ಅವರಿಗೆ ಬೇಡ. "ಹಾಲು ಹಾಕಿದ್ರೆ ಅದು ಬಾಲವಾಡಿ ಮಕ್ಕಳ ಕಾಫಿ" ಎನ್ನುತ್ತಿದ್ದರು.

ಬೇರೆ ಬಗೆಯಲ್ಲಿ ಮಾಡಿದರೆ ಅದೇ ಪುಡಿ ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ. ಸ್ಟೀಲ್ ಫಿಲ್ಟರ್ ಮನೆಯಲ್ಲಿತ್ತು. ಒತ್ತಿ ಇಳಿಸುವ ಗಾಜಿನ ಪ್ರೆಸ್ಸು, ಸೋಸುವ ಕಾಗದದ ಶಂಕು, ಒಲೆಯ ಮೇಲೆ ಉಗಿಯಿಂದ ಉಕ್ಕುವ ಪುಟ್ಟ ಮೋಕಾ ಪಾತ್ರೆ ಒಂದೊಂದಾಗಿ ಕೊರಿಯರಿನಲ್ಲಿ ಬಂದವು. ಹೊನ್ನಾವರದ ಒಂದೇ ಅಂಗಡಿಯ ಪುಡಿ, ನಮ್ಮ ಬಾವಿಯ ನೀರು, ಅಡುಗೆಮನೆಯ ತಕ್ಕಡಿ. ಪ್ರತಿ ಭಾನುವಾರ ಒಂದು ಬಗೆ ಮಾಡಿ, ತಾರೀಖು ಹಾಕಿ, ಪರಿಮಳ, ಕಹಿ, ಹುಳಿ ಎಂದು ಅಂಕ ಕೊಡುತ್ತಿದ್ದೆ. ಎರಡನೇ ಲೋಟ ಬೇಲಿಯಾಚೆ ಹೋಗುತ್ತಿತ್ತು.

ಪ್ರೆಸ್ಸು ಕಂಡ ದಿನ ಅಜ್ಜ ಕೇಳಿದ್ದು, "ಇದೆಂತ ತಂಗಿ, ಸೈಕಲ್ಲಿಗೆ ಗಾಳಿ ಹೊಡಿಯೂದಾ?"

ಕಾಗದದ ಶಂಕಿನಿಂದ ತೊಟ್ಟಿಕ್ಕುವುದನ್ನು ನೋಡಿ, "ಕಾಫಿಗೂ ಡಯಾಲಿಸಿಸ್ ಮಾಡ್ತ್ರು ಅಂತ ಗೊತ್ತಿರಲಿಲ್ಲ. ಲ್ಯಾಬಿನ ಕೆಲ್ಸ ಮನೆಗೂ ತಂದ್ಯನೆ?"

"ಕುಡಿದು ಹೇಳಿ ಅಜ್ಜಾ."

ಕುಡಿದರು. ಕಣ್ಣು ಮುಚ್ಚಿ ತೆರೆದರು. "ಬಾಯಲ್ಲಿ ಚೊಲೊ ಇದೆ. ಗಂಟಲಿಗೆ ಬರೂದ್ರೊಳಗೆ ಕಾಣೆ ಆತು."

ಅವರ ಸಿದ್ಧಾಂತ ಅದು. ಕಾಫಿಯ ರುಚಿ ಇರುವುದು ನಾಲಿಗೆಯಲ್ಲಲ್ಲ, ಗಂಟಲಲ್ಲಿ. ನಾಲಿಗೆ ಸುಳ್ಳು ಹೇಳುತ್ತದೆ, ಬೆಲ್ಲ ಕೊಟ್ಟರೆ ಬೆಲ್ಲದ ಕಡೆ ವಾಲುತ್ತದೆ. ಇಳಿಯುವಾಗ ಗಂಟಲು ಹಿಡಿದು ಬಿಟ್ಟಂತಾಗಬೇಕು. ನನ್ನ ಪಟ್ಟಿಗೆ 'ಗಂಟಲು' ಎಂಬ ಇನ್ನೊಂದು ಕಾಲಮು ಸೇರಿಸಿದ್ದು ಅವರ ಒತ್ತಾಯಕ್ಕೆ. ಕಾಗದದ್ದು ತಿಳಿ, ಹಗುರ, ಹುಳಿ ಮುಂದೆ ಬರುತ್ತಿತ್ತು. ಬೇಸಿಗೆಯಲ್ಲಿ ಅಘನಾಶಿನಿ ಹೊಳೆಯ ಉಪ್ಪು ನಮ್ಮ ಬಾವಿಗೆ ಏರಿದಾಗ ಅದನ್ನು ಮೊದಲು ತೋರಿಸಿದ್ದೂ ಅದೇ. ಪ್ರೆಸ್ಸಿನದರಲ್ಲಿ ಎಣ್ಣೆಯ ಜಿಡ್ಡು, ಕೊನೆಗೆ ಹಲ್ಲಿಗೆ ಸಿಗುವ ನುಣ್ಣನೆಯ ಗಸಿ. ಫಿಲ್ಟರಿನದು ತಡವಾಗಿ ಇಳಿದರೂ ದುಂಡಗೆ ಸಿಹಿ. ಮೋಕಾ ಪಾತ್ರೆ ಅವರಿಗೆ ಒಂದಿಷ್ಟು ಹಿಡಿಸಿತ್ತು. "ಇದು ಎಂಜಿನ್ ಕಾದಂಗೆ ಕೂಗ್ತದೆ, ಆದ್ರೂ ಗಂಟಲಿಗೆ ಮರ್ಯಾದಿ ಕೊಡ್ತದೆ" ಎಂದರು.

ಅವರ ಕಾಫಿಗೆ ನಾನು ಎಂದೂ ಹೆಚ್ಚು ಅಂಕ ಕೊಟ್ಟವಳಲ್ಲ. ಮೂರು ಉಕ್ಕಿಗೆ ಪರಿಮಳವೆಲ್ಲ ಮಾಡಿನ ಹಂಚಿಗೆ ಹೋಗಿ ಕಹಿ ಮಾತ್ರ ಉಳಿಯುತ್ತಿತ್ತು.

"ನಿಮ್ಮದು ಕಷಾಯ ಅಜ್ಜಾ."

"ಹೌದು. ಕಷಾಯ ಕುಡ್ದೇ ಇಷ್ಟು ದಿನ ಮುಳುಗದೆ ಬಂದದ್ದು. ನಿಂದು ಕುಡ್ದಿದ್ರೆ ಅಳಿವೆ ದಾಟೂಕೆ ಮೊದ್ಲೇ, ಬೇಲೆಕಾನಿಗೇ ನಿದ್ದೆ ಹತ್ತೂದಿತ್ತು."

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ವಾರ ಅವರಿಗೆ ಲಕ್ವ ಹೊಡೆಯಿತು. ಹೊನ್ನಾವರದಿಂದ ಮಂಗಳೂರಿಗೆ ಒಯ್ದರು. ತಿರುಗಿ ಬಂದಾಗ ಕೈಕಾಲಿನಲ್ಲಿ ಕಸುವು ಸ್ವಲ್ಪ ಇತ್ತು, ಮಾತು ತೊದಲಿದರೂ ಅರ್ಥವಾಗುತ್ತಿತ್ತು. ಹೋಗಿದ್ದು ಗಂಟಲು. ನುಂಗಿದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು, ತೆಳ್ಳಗಿನದು ಯಾವುದನ್ನೂ ಕೊಡಬೇಡಿ ಎಂದು ಆಸ್ಪತ್ರೆಯಲ್ಲಿ ನುಂಗುವ ವ್ಯಾಯಾಮ ಹೇಳಿಕೊಡುವ ಮೇಡಮ್ ಅಕ್ಕನನ್ನು ಎಚ್ಚರಿಸಿದ್ದರು. ನೀರಿಗೂ ಹಿಟ್ಟು ಸೇರಿಸಿ, ಚಮಚ ಓರೆ ಮಾಡಿದರೆ ಹನಿಯಾಗಿ ಅಲ್ಲ, ಮುದ್ದೆಯಾಗಿ ಬೀಳುವಂತೆ ಮಾಡಿ ಕೊಡಬೇಕು.

ಅಕ್ಕ ಕೂವೆ ಹಿಟ್ಟು ತಂದರು. ನಮ್ಮ ಕಡೆ ಹೊಟ್ಟೆ ಕೆಟ್ಟವರಿಗೆ ಗಂಜಿ ಕಾಯಿಸಿ ಕೊಡುವ ಬಿಳಿ ಹಿಟ್ಟು ಅದು. ಗಂಜಿ, ನೀರು, ಮಜ್ಜಿಗೆ ಎಲ್ಲವೂ ಕೂವೆಯಲ್ಲಿ. ಅಜ್ಜ ತಕರಾರಿಲ್ಲದೆ ತಿಂದರು. ಆದರೆ ದಿನವೂ ನಾನು ಹೋದಾಗ ಎಡಗೈಯಲ್ಲಿ ಲೋಟ ಹಿಡಿದಂತೆ ಮಾಡಿ ತೋರಿಸುತ್ತಿದ್ದರು.

"ಕಾಫಿ ತಂದ್ಯಾ?"

"ನಾಳೆ ನೋಡ್ವ ಅಜ್ಜಾ."

"ನಿನ್ನ ನಾಳೆಗೆ ದಂಡೆ ಇಲ್ಲ."

ಆಮೇಲಿನ ಭಾನುವಾರಗಳೆಲ್ಲ ಕೂವೆ ಕಾಫಿಗೆ ಹೋದವು. ಕೂವೆ ಬೇಯದೆ ಗಟ್ಟಿಯಾಗದು. ಇಳಿಸಿದ ಡಿಕಾಕ್ಷನ್ನಿಗೆ ಹಾಕಿ ಮತ್ತೆ ಕುದಿಸಿದರೆ ಕಾಫಿ ಸುಟ್ಟ ವಾಸನೆ ಬರುತ್ತದೆ. ಬೇರೆಯಾಗಿ ನೀರಿನಲ್ಲಿ ಬೇಯಿಸಿ ಬೆರೆಸಿದರೆ ಕಾಫಿ ಸಪ್ಪೆ. ಕಾಗದದ್ದು ಕೂವೆಯೊಳಗೆ ಹಳಸಿದ ಗಂಜಿಯ ಹುಳಿಯಂತಾಯಿತು. ಪ್ರೆಸ್ಸಿನದರ ಜಿಡ್ಡು ಮೇಲೆ ಉಂಗುರ ಕಟ್ಟಿ ನಿಂತಿತು. ಫಿಲ್ಟರಿನದು ಎಳೆಮಕ್ಕಳಿಗೆ ಉಣಿಸುವ ರಾಗಿ ಸರಿಯಂತೆ. ಮೋಕಾ ಪಾತ್ರೆಯದು ಬಲವಾಗಿದ್ದರಿಂದ ಅದೊಂದರಲ್ಲೇ ಕಾಫಿ ಇದೆಯೆಂದು ನನಗೆ ಗೊತ್ತಾಯಿತು. ಅದನ್ನು ಒಯ್ದೆ.

ಅಜ್ಜ ಒಂದು ಚಮಚ ಬಾಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ನುಂಗಲಿಲ್ಲ. ಆ ಮುದ್ದೆಯೊಳಗೆ ಕಾಫಿಯನ್ನು ಹುಡುಕುತ್ತಿದ್ದರೆಂದು ಕಾಣುತ್ತದೆ. ಹಾಗೇ ಎರಡು ಮೂರು ನಿಮಿಷ. ಇದ್ದಕ್ಕಿದ್ದಂತೆ ಕೆಮ್ಮು ಬಂತು. ಮುಖ ಕಪ್ಪಿಟ್ಟಿತು, ಕಣ್ಣು ಹೊರಗೆ ಬಂತು. ಅಕ್ಕ ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದರು. ಉಸಿರು ಮರಳಿದ ಮೇಲೆ ಮೇಡಮ್‌ಗೆ ಫೋನು ಹಚ್ಚಿದಾಗ ವಿಷಯ ತಿಳಿಯಿತು. ಇಂಥ ಹಿಟ್ಟು ಬಾಯಲ್ಲಿ ಬಹಳ ಹೊತ್ತು ಉಳಿದರೆ ಉಗುಳಿಗೆ ಕರಗಿ ನೀರಾಗುತ್ತದೆ. ಅಜ್ಜನಂತೆ ತಡೆದು ತಡೆದು ಸವಿಯುವವರಿಗೆ ಅದು ಅಪಾಯವೇ. ಅಂದಿನಿಂದ ಕಾಫಿ ಪೂರ್ತಿ ನಿಂತಿತು.

ಅವರು ಆಮೇಲೆ ಜಗಳ ಮಾಡಲಿಲ್ಲ. ಅದೇ ಕಷ್ಟವಾಯಿತು. ಊಟ ಕಡಿಮೆ ಮಾಡಿದರು, ಗೋಡೆ ಕಡೆ ತಿರುಗಿ ಮಲಗತೊಡಗಿದರು. ಒಂದು ಸಂಜೆ ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಒಂದೊಂದೇ ಶಬ್ದ ಜೋಡಿಸಿ ಹೇಳಿದರು.

"ಒಂದೇ ಒಂದು ಲೋಟ. ನಂದೇ ಕಾಫಿ. ಆಮೇಲೆ ಆಗೂದು ಆಗ್ಲಿ."

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಮೂರನೆಯ ದಿನ ಬೇಲಿಯ ಹತ್ತಿರ ಬಂದರು.

"ಮಾಡ್ಕಂಡು ಬಾರೆ. ನನ್ ಕೈಲಿ ಮಾಡೂಕೆ ಆಗೂದಿಲ್ಲ."

"ಅಕ್ಕಾ, ಏನಾದ್ರೂ ಆದ್ರೆ?"

"ಎಂತ ಹೇಳ್ಲಿ ನಾನು? ಕೊಟ್ರೆ ಕೊಂದೆ ಅಂಬ್ರು, ಕೊಡದಿದ್ರೆ ಅಪ್ಪ ಗೋಡೆ ನೋಡ್ತಾ ಇರ್ತ."

ಬೆಲ್ಲ, ಮೂರು ಉಕ್ಕು, ತಣ್ಣೀರು. ಅವರ ಪದ್ಧತಿ ತಪ್ಪಿಸಲಿಲ್ಲ. ಲೋಟ ಹಿಡಿದು ಅವರೆದುರು ನಿಂತಾಗ ಅಜ್ಜ ಎಡಗೈ ಚಾಚಿದರು. ಅಕ್ಕ ಒಂದು ಕೈಯಲ್ಲಿ ಬೋಗುಣಿ, ಇನ್ನೊಂದರಲ್ಲಿ ಟವೆಲು ಹಿಡಿದು ಮಂಚದ ಪಕ್ಕ ನಿಂತಿದ್ದರು. ಅಜ್ಜ ಲೋಟ ತುಟಿಗೆ ತಂದು ಒಂದು ಗುಟುಕು ಬಾಯಿಗೆ ಎಳೆದುಕೊಂಡರು. ಮಗಳ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೋಗುಣಿಯ ಕಡೆ ಬಗ್ಗಿ, ಬಾಯಲ್ಲಿದ್ದುದನ್ನೆಲ್ಲ ಉಗಿದುಬಿಟ್ಟರು.

"ಆತು" ಎಂದರು. ಲೋಟ ನನಗೆ ಕೊಟ್ಟರು.

"ಹೆಂಗಿತ್ತು ಅಜ್ಜಾ?" ಎಂದು ಕೇಳಿದ್ದು ನಾನೇ. ಕೇಳಬಾರದಿತ್ತೇನೋ, ಅಭ್ಯಾಸ.

"ನಾಲಿಗೆ ಹೇಳಿದ್ದು ಬರೀಬೇಡ" ಎಂದರು.

ಮತ್ತೆ ಅವರು ಕಾಫಿ ಕೇಳಲಿಲ್ಲ. ಅಕ್ಕ ಕೊಟ್ಟಷ್ಟು ಕೂವೆ ಗಂಜಿ ತಿಂದರು, ಹೇಳಿದಂತೆ ಕುಳಿತರು, ಕತ್ತು ಬಗ್ಗಿಸಿ ನುಂಗುವ ವ್ಯಾಯಾಮ ಮಾಡಿದರು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆದರೂ ಮಾವಿನ ಹೂ ಬಿಡುವ ಕಾಲಕ್ಕೆ ಜ್ವರ ಬಂತು, ಎದೆಯಲ್ಲಿ ಕಫದ ಸದ್ದು. ಹೊನ್ನಾವರದ ಆಸ್ಪತ್ರೆಯಲ್ಲಿ ಎರಡನೆಯ ರಾತ್ರಿ ತೀರಿಕೊಂಡರು.

ತಿಂಗಳ ಮೇಲೆ ಕಾಗದಪತ್ರಕ್ಕೆಂದು ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಶ್ವಾಸಕೋಶದ ಸೋಂಕು ಹೇಗೆ ಬಂತು, ತೆಳ್ಳಗಿನದು ಒಂದು ಹನಿಯೂ ಅಪ್ಪ ನುಂಗಿರಲಿಲ್ಲವಲ್ಲ ಎಂದು ಅಕ್ಕ ವೈದ್ಯರನ್ನು ಕೇಳಿದರು. ನಿಮ್ಮ ತಪ್ಪೇನಿಲ್ಲ, ಇಂಥವರಲ್ಲಿ ಸ್ವಂತ ಉಗುಳೇ ನಿದ್ದೆಯಲ್ಲಿ ಒಳಗೆ ಇಳಿಯುತ್ತದೆ, ಅದನ್ನು ಪೂರ್ತಿ ತಡೆಯಲು ಆಗುವುದಿಲ್ಲ ಎಂದು ಅವರು ಸಮಾಧಾನದಿಂದಲೇ ಹೇಳಿದರು.

ಬಸ್ಸಿನಲ್ಲಿ ಕುಮಟೆಗೆ ಬಂದಿಳಿದೆವು. ತದಡಿಯ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಕೈ ಹಿಡಿದುಕೊಂಡರು.

"ಹಂಗಾರೆ ಅವತ್ತು ಅಪ್ಪ ಆ ಒಂದು ಗುಟುಕು ನುಂಗಬೌದಾಗಿತ್ತಲ್ಲನೆ?"

ಬಸ್ಸು ಬಂತು. ಜನ ಇಳಿದರು, ಜನ ಹತ್ತಿದರು. ನಾವಿಬ್ಬರೂ ನಿಂತೇ ಇದ್ದೆವು.